ಒದ್ದೆಯೋ, ಸವೆದದ್ದೋ? – ಹೊರಡಲೊಲ್ಲದ ಒಂದು ಎಂಜಿನ್ನಿನ ಕಥೆ



ಮೂವತ್ತು ವರ್ಷಕ್ಕೂ ಮೀರಿ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದ ನನಗೆ ಯಂತ್ರಗಳ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಯೋಗ್ಯತೆಯಿಲ್ಲ. ಆದರೂ ಈ ಸಲದ ಬರಹ ಒಂದು ಎಂಜಿನ್ನನ್ನು ಕುರಿತದ್ದು. ಅದಕ್ಕೆ ಕಾರಣ ಕಳೆದ ಮಾಗಿಯ ಒಂದು ರಾತ್ರಿ ಬಂದ ದೂರವಾಣಿ ಕರೆ.

ಕರೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ಬೆಳೆದ ಹುಡುಗ. ಈಗ ಹೊರದೇಶದಲ್ಲಿ, ಹಿಮ ಬೀಳುವ ಊರೊಂದರಲ್ಲಿ ಇದ್ದಾನೆ.

"ಸರ್, ನನ್ನ ಕಾರು ಸ್ಟಾರ್ಟ್ ಆಗ್ತಿಲ್ಲ" ಎಂದ.

"ಅಲ್ಲಪ್ಪಾ, ಅದಕ್ಕೆ ಹಿಸ್ಟರಿ ಮೇಷ್ಟ್ರಿಗೆ ಫೋನ್ ಮಾಡೋದೇ?" ಎಂದು ನಕ್ಕೆ.

ಅವನು ನಗಲಿಲ್ಲ. "ಅಪ್ಪ ನಿಮ್ಮ ಗಾಡಿ ರಿಪೇರಿ ಮಾಡುವಾಗ ನಾನು ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ದೆ ಸರ್. ಅಪ್ಪ ಪ್ರತಿ ಸಲ ಒಂದು ಪ್ರಶ್ನೆ ಕೇಳೋರು. ಅದು ಏನು ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ನಿಮಗೆ ನೆನಪಿದೆಯಾ?" ಎಂದ.

ನೆನಪಿತ್ತು. ಆ ಪ್ರಶ್ನೆಯನ್ನು ಹೇಳಿದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವನ ತಂದೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಅವನ ಬಳಿಯಿದ್ದುದು ಹಳೆಯದೊಂದು ಸ್ಪೋರ್ಟ್ಸ್ ಕಾರು. ಅದರ ಎಂಜಿನ್ನು ಪಿಸ್ಟನ್ನಿನದಲ್ಲ, ರೋಟರಿ. ಅಲ್ಲಿನ ಮೆಕ್ಯಾನಿಕ್ ನೋಡಿ, ಎಂಜಿನ್ ಮುಗಿಯಿತು, ಹೊಸದು ಹಾಕಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ ಎಂದಿದ್ದನಂತೆ. ಶನಿವಾರ ಗುಜರಿಯವರು ಬಂದು ಒಯ್ಯುವುದೆಂದು ಮಾತಾಗಿತ್ತು. ಅಂದು ಮಂಗಳವಾರ.

ಆ ಮೂರು ನಾಲ್ಕು ದಿನ ನಾನು ಓದಿದ್ದನ್ನೂ, ಭದ್ರಾವತಿಯ ಆ ಫಿಟ್ಟರ್ ಅಣ್ಣನಿಂದ ಹಿಂದೆ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಫಿಟ್ಟರ್ ಅಣ್ಣನ ಪ್ರಶ್ನೆ

ಎಂಬತ್ತರ ದಶಕದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನೊಂದು ಎರಡು ಸ್ಟ್ರೋಕಿನ ಹಳೆಯ ಮೋಟಾರ್ ಸೈಕಲ್ ಕೊಂಡಿದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್; ಬೆಳಗಿನ ಪ್ರಾರ್ಥನೆಯ ಗಂಟೆಯೊಳಗೆ ಶಾಲೆ ಮುಟ್ಟಬೇಕು. ಮಳೆಗಾಲದ ಒಂದು ಬೆಳಗ್ಗೆ ಒದ್ದೇ ಒದ್ದೆ. ಗಾಡಿ ಕೆಮ್ಮಲೂ ಇಲ್ಲ. ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲ್ ತುಳುಕಿಸಿ ಮತ್ತೆ ಒದ್ದೆ. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಅಣ್ಣ ಸೈಕಲ್ ನಿಲ್ಲಿಸಿದರು.

"ಮೇಷ್ಟ್ರೇ, ಒದೀಬೇಡಿ, ನಿಲ್ಸಿ. ಮೊದ್ಲು ಹೇಳಿ, ಇದು ಒದ್ದೆಯೋ, ಸವೆದದ್ದೋ?"

ನನಗೆ ಅರ್ಥವಾಗಲಿಲ್ಲ. ಅವರು ಪ್ಲಗ್ಗನ್ನು ಬಿಚ್ಚಿ ತೋರಿಸಿದರು. ತುದಿಯಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. "ಓವರ್‌ಫ್ಲೋ ಆಗಿದೆ. ಹೊಟ್ಟೆ ತುಂಬಿದ್ದಕ್ಕೆ ಇನ್ನೂ ಉಣ್ಣಿಸ್ತಾ ಇದ್ದೀರಿ" ಎಂದು ಪೆಟ್ರೋಲ್ ನಲ್ಲಿ ಮುಚ್ಚಿದರು. ಪ್ಲಗ್ಗನ್ನು ಒರೆಸಿ ಒಣಗಿಸಿ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುವಿ ನಾಲ್ಕು ಸಲ ಒದ್ದರು. ಐದನೆಯದಕ್ಕೆ ಬೀದಿಯ ತುಂಬ ಹೊಗೆ, ಸದ್ದು. ತಪ್ಪು ಗಾಡಿಯದಾಗಿರಲಿಲ್ಲ, ನನ್ನದಾಗಿತ್ತು.

ಆಮೇಲೆ ಅವರು ಹೇಳಿದ್ದು ಇಷ್ಟು: ಹೊರಡದ ಯಂತ್ರಗಳು ಎರಡೇ ಬಗೆ. ಒಂದು ತಾತ್ಕಾಲಿಕವಾಗಿ ಕಟ್ಟಿಕೊಂಡದ್ದು, ಇನ್ನೊಂದು ನಿಜವಾಗಿ ಸವೆದು ಹೋದದ್ದು. ಹೊರಗಿನಿಂದ ಎರಡೂ ಒಂದೇ ರೀತಿ ಸತ್ತಂತೆ ಕಾಣುತ್ತವೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಎಸೆಯುವುದು ಪಾಪ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಒದೆಯುತ್ತಲೇ ಇರುವುದು ದಡ್ಡತನ.

ನಮ್ಮ ಕಡೆಯವರಿಗೆ ಹೊರಡದ ಗಾಡಿ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಬಸ್ಸುಗಳನ್ನು ಇದ್ದಿಲು ಗ್ಯಾಸಿನಿಂದ ಓಡಿಸುತ್ತಿದ್ದರು. ಬಸ್ಸಿನ ಹಿಂದೆ ಒಲೆಯಂಥ ದೊಡ್ಡ ಕೊಳವೆ. ಕ್ಲೀನರ್ ಹುಡುಗ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಬೀಸುವ ಚಕ್ರವನ್ನು ಕೈನೋಯುವಂತೆ ತಿರುಗಿಸಬೇಕು. ಗ್ಯಾಸು ಹದಕ್ಕೆ ಬರುವವರೆಗೆ ಪ್ರಯಾಣಿಕರು ಕಾಫಿ ಕುಡಿದು, ಎಲೆಯಡಿಕೆ ಹಾಕಿಕೊಂಡು, ಊರ ಸುದ್ದಿ ಮುಗಿಸುತ್ತಿದ್ದರಂತೆ. ಏರು ಬಂದರೆ ಇಳಿದು ತಳ್ಳುವುದೂ ಇತ್ತು. ನಮ್ಮ ತಂದೆ ಇದನ್ನು ಹೇಳುವಾಗ ಅವರ ಮಾತಿನಲ್ಲಿ ದೂರು ಇರುತ್ತಿರಲಿಲ್ಲ. ಯಂತ್ರಕ್ಕೂ ಅದರದೇ ಹೊತ್ತು ಬೇಕು ಎಂಬ ಒಪ್ಪಿಗೆ ಇರುತ್ತಿತ್ತು.

ಪಿಸ್ಟನ್ ಇಲ್ಲದ ಎಂಜಿನ್ನು

ರೋಟರಿ ಎಂಜಿನ್ ಎಂದರೇನು? ಮೊದಲನೆಯ ಮಹಾಯುದ್ಧದ ವಿಮಾನಗಳಲ್ಲಿ ಇದೇ ಹೆಸರಿನ ಬೇರೊಂದು ಎಂಜಿನ್ ಇತ್ತು. ಅದರಲ್ಲಿ ಸಿಲಿಂಡರುಗಳೆಲ್ಲ ಪ್ರೊಪೆಲ್ಲರಿನೊಂದಿಗೆ ಗಿರಗಿರ ಸುತ್ತುತ್ತಿದ್ದವು. ನಾನು ಹೇಳುತ್ತಿರುವುದು ಅದಲ್ಲ, ವಾಂಕೆಲ್ ಎಂಜಿನ್.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಒನಕೆಯ ಹಾಗೆ ಮೇಲೆ ಕೆಳಗೆ ಓಡಾಡುತ್ತದೆ. ಆ ಓಡಾಟವನ್ನು ಕ್ರ್ಯಾಂಕು ಸುತ್ತಾಟವಾಗಿ ಬದಲಿಸುತ್ತದೆ. ವಾಂಕೆಲ್ ಎಂಜಿನ್ನು ಒನಕೆಯನ್ನು ಬಿಟ್ಟು ಬೀಸುಕಲ್ಲಿನ ದಾರಿ ಹಿಡಿಯಿತು. ನಡುವೆ ಸ್ವಲ್ಪ ಸಣ್ಣಗಾದ ಉದ್ದುಂಡಾಕಾರದ ಕೋಣೆಯೊಳಗೆ, ಬದಿಗಳು ಉಬ್ಬಿದ ತ್ರಿಕೋನದಂಥ ರೋಟರು ತಿರುಗುತ್ತದೆ. ರೋಟರಿನ ಮೂರು ತುದಿಗಳೂ ಸದಾ ಗೋಡೆಗೆ ತಾಗಿಕೊಂಡೇ ಇರುತ್ತವೆ. ಹೀಗಾಗಿ ಮೂರು ಕೋಣೆಗಳು ಹುಟ್ಟಿ, ಸುತ್ತುತ್ತಾ ಹಿಗ್ಗುತ್ತವೆ, ಕುಗ್ಗುತ್ತವೆ. ಉಸಿರೆಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು – ಈ ನಾಲ್ಕೂ ಕೆಲಸ ಒಂದೇ ಸುತ್ತಿನಲ್ಲಿ, ಗೋಡೆಯ ಬೇರೆ ಬೇರೆ ಜಾಗದಲ್ಲಿ ನಡೆಯುತ್ತವೆ. ರೋಟರು ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಬಂದಿರುತ್ತದೆ. ವಾಲ್ವುಗಳಿಲ್ಲ, ನಡುಕ ಕಡಮೆ, ಗಾತ್ರ ಚಿಕ್ಕದು, ಶಕ್ತಿ ಹೆಚ್ಚು.

ಎಲ್ಲ ಕಷ್ಟವೂ ಆ ಮೂರು ತುದಿಗಳಲ್ಲಿದೆ. ಅಲ್ಲಿ ಕೂರಿಸಿದ ತೆಳ್ಳನೆಯ ಸೀಲು ಗೋಡೆಯನ್ನು ಉಜ್ಜುತ್ತಾ ಕೋಣೆಯಿಂದ ಕೋಣೆಗೆ ಗಾಳಿ ನುಸುಳದಂತೆ ಕಾಯಬೇಕು. ಈ ಎಂಜಿನ್ನಿನ ಇತಿಹಾಸವೆಂದರೆ ಬಹುಪಾಲು ಆ ಸೀಲಿನ ಇತಿಹಾಸವೇ.

ಇದನ್ನು ಕಂಡುಹಿಡಿದ ಫೆಲಿಕ್ಸ್ ವಾಂಕೆಲ್ 1902ರಲ್ಲಿ ಜರ್ಮನಿಯ ಲಾರ್ ಎಂಬಲ್ಲಿ ಹುಟ್ಟಿದವನು. ಕಾಲೇಜಿನ ಎಂಜಿನಿಯರಿಂಗ್ ಪದವಿ ಅವನಿಗಿರಲಿಲ್ಲ. ದೃಷ್ಟಿದೋಷವಿದ್ದ ಅವನು ಕಾರು ಓಡಿಸುವ ಪರವಾನಗಿಯನ್ನೂ ಪಡೆಯಲಿಲ್ಲ. ಇತಿಹಾಸದ ಮೇಷ್ಟ್ರಾಗಿ ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಅವನು ನಾಜಿ ಪಕ್ಷದಲ್ಲಿದ್ದವನು. ಯುದ್ಧಕಾಲದಲ್ಲಿ ಜರ್ಮನಿಯ ವಿಮಾನ ಎಂಜಿನ್ನುಗಳಿಗಾಗಿ ದುಡಿದವನು. ಯುದ್ಧ ಮುಗಿದ ಮೇಲೆ ಫ್ರೆಂಚರು ಅವನನ್ನು ಕೆಲಕಾಲ ಸೆರೆಯಲ್ಲಿಟ್ಟರು. ಪ್ರತಿಭೆಯೂ ವಿವೇಕವೂ ಒಂದೇ ಮನೆಯಲ್ಲಿ ವಾಸಿಸಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೊಂದು ಉದಾಹರಣೆ.

1951ರಿಂದ ಅವನು ಎನ್.ಎಸ್.ಯು. ಕಂಪನಿಯೊಡನೆ ಕೆಲಸ ಮಾಡಿದ. 1957ರ ಫೆಬ್ರವರಿಯಲ್ಲಿ ಮೊದಲ ಮಾದರಿ ಎಂಜಿನ್ ತಿರುಗಿತು. ಅದರಲ್ಲಿ ಒಳಗಿನ ರೋಟರಿನೊಂದಿಗೆ ಹೊರಗಿನ ಕವಚವೂ ಸುತ್ತುತ್ತಿತ್ತು. ಪ್ಲಗ್ಗು ಬದಲಿಸಬೇಕೆಂದರೂ ಎಂಜಿನ್ನನ್ನೇ ಬಿಚ್ಚಬೇಕಿತ್ತು. ಕಂಪನಿಯ ಎಂಜಿನಿಯರ್ ಹನ್ಸ್ ಡೀಟರ್ ಪಾಷ್ಕೆ ಕವಚವನ್ನು ನಿಲ್ಲಿಸಿ ರೋಟರನ್ನಷ್ಟೇ ತಿರುಗಿಸುವ ವಿನ್ಯಾಸ ಮಾಡಿದ. ಇಂದು ನಾವು ಕಾಣುವುದು ಆ ರೂಪವನ್ನೇ. 1964ರಲ್ಲಿ ಎನ್.ಎಸ್.ಯು. ಸ್ಪೈಡರ್, 1967ರಲ್ಲಿ ರೋ 80 ಎಂಬ ಕಾರುಗಳು ಬಂದವು. ರೋ 80 ಯುರೋಪಿನಲ್ಲಿ 1968ರ ವರ್ಷದ ಕಾರು ಎನಿಸಿಕೊಂಡಿತು. ಆದರೆ ಸೀಲುಗಳು ಬೇಗ ಸವೆದು, ಗ್ಯಾರಂಟಿಯ ಮೇಲೆ ಎಂಜಿನ್ ಬದಲಿಸಿಕೊಟ್ಟು ಕೊಟ್ಟು ಕಂಪನಿ ಬಸವಳಿಯಿತು. 1969ರಲ್ಲಿ ಅದು ಫೋಕ್ಸ್‌ವಾಗನ್ ಒಡೆತನದ ಆಟೋ ಯೂನಿಯನ್ನಿನೊಡನೆ ವಿಲೀನವಾಯಿತು.

ಹಿರೋಷಿಮಾದ ನಲವತ್ತೇಳು ಮಂದಿ

ಹಿರೋಷಿಮಾ ಎಂದೊಡನೆ ನಾನು ತರಗತಿಯಲ್ಲಿ 1945ರ ಆಗಸ್ಟ್ 6ನ್ನು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಅದೇ ಊರಿನ ಟೋಯೋ ಕೋಗ್ಯೋ, ಅಂದರೆ ಇಂದಿನ ಮಾಜ್ದಾ ಕಂಪನಿ, 1961ರಲ್ಲಿ ಎನ್.ಎಸ್.ಯು. ಜೊತೆ ಒಪ್ಪಂದ ಮಾಡಿಕೊಂಡು ಈ ಎಂಜಿನ್ನನ್ನು ತಂದಿತೆಂದು ಆಗ ನನಗೆ ತಿಳಿದಿರಲಿಲ್ಲ. ಕೆನಿಚಿ ಯಮಾಮೊಟೊ ಎಂಬ ಎಂಜಿನಿಯರ್ ನಲವತ್ತೇಳು ಜನರ ತಂಡ ಕಟ್ಟಿದ. ಜಪಾನಿನ ಪ್ರಸಿದ್ಧ ಕಥೆಯೊಂದರಲ್ಲಿ ಒಡೆಯನಿಗಾಗಿ ಪ್ರಾಣ ಒಪ್ಪಿಸಿದ ನಲವತ್ತೇಳು ಯೋಧರು ಬರುತ್ತಾರೆ. ಈ ತಂಡಕ್ಕೂ ಅದೇ ಹೋಲಿಕೆ ಅಂಟಿಕೊಂಡಿತು.

ಅವರಿಗೆ ಎದುರಾದದ್ದು ಒಂದು ವಿಚಿತ್ರ ತೊಂದರೆ. ಎಂಜಿನ್ ಕೆಲವು ಗಂಟೆ ಓಡಿದ ಮೇಲೆ ಬಿಚ್ಚಿ ನೋಡಿದರೆ ಒಳಗೋಡೆಯ ಮೇಲೆ ಸಾಲು ಸಾಲು ಗೀರುಗಳು. ಅವಕ್ಕೆ ಅವರು 'ದೆವ್ವದ ಉಗುರಿನ ಗುರುತು' ಎಂದು ಹೆಸರಿಟ್ಟರು. ಸೀಲು ತನ್ನ ಸಹಜ ಕಂಪನಕ್ಕೆ ಸಿಕ್ಕಿ ಗೋಡೆಯ ಮೇಲೆ ಕುಣಿಯುತ್ತಿದ್ದುದೇ ಕಾರಣವೆಂದು ಗೊತ್ತಾಯಿತು. ಸೀಲಿನೊಳಗೆ ರಂಧ್ರ ಕೊರೆದು ಆ ಕಂಪನವನ್ನು ತಪ್ಪಿಸುವ ದಾರಿ ಕಂಡರು. ಮುಂದೆ ಅಲ್ಯೂಮಿನಿಯಂ ಬೆರೆತ ಇಂಗಾಲದ ಸೀಲು ಮಾಡಿದರು. 1967ರ ಮೇ ತಿಂಗಳಲ್ಲಿ ಎರಡು ರೋಟರಿನ ಕಾಸ್ಮೋ ಸ್ಪೋರ್ಟ್ ಮಾರುಕಟ್ಟೆಗೆ ಬಂದಿತು.

1973ರ ತೈಲ ಬಿಕ್ಕಟ್ಟು ಪೆಟ್ರೋಲನ್ನು ಹೆಚ್ಚು ಕುಡಿಯುವ ಈ ಎಂಜಿನ್ನಿಗೆ ದೊಡ್ಡ ಏಟು ಕೊಟ್ಟಿತು. ಬೇರೆ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಮಾಜ್ದಾ 1978ರಲ್ಲಿ ಆರ್‌ಎಕ್ಸ್–7 ತಂದಿತು. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಆರ್‌ಎಕ್ಸ್–8 2003ರಿಂದ 2012ರವರೆಗೆ ತಯಾರಾಯಿತು. 2023ರಲ್ಲಿ ಇದೇ ಬಗೆಯ ಎಂಜಿನ್ನು ಮತ್ತೆ ಕಾಣಿಸಿಕೊಂಡಿದ್ದು ವಿದ್ಯುತ್ ಕಾರಿನೊಳಗೆ, ಚಕ್ರ ತಿರುಗಿಸುವುದಕ್ಕಲ್ಲ, ವಿದ್ಯುತ್ ಉತ್ಪಾದಿಸುವುದಕ್ಕೆ.

ಕೋಲಾರದ ಆಕಾಶದಲ್ಲಿ

ಈ ಕಥೆ ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ಎ.ಡಿ.ಇ. ರೂಪಿಸಿದ 'ನಿಶಾಂತ್' ಎಂಬ ಚಾಲಕರಹಿತ ವಿಮಾನಕ್ಕೆ ಇದ್ದುದು ವಾಂಕೆಲ್ ಎಂಜಿನ್ನು. ಅದಕ್ಕೆ ರನ್‌ವೇ ಬೇಕಿರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಚಿಮ್ಮಿ ಹಾರಿ, ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ಮೊದಲು ಎಂಜಿನ್ನು ಹೊರದೇಶದ್ದು. ನಮ್ಮಲ್ಲೇ ತಯಾರಾದ ವಾಂಕೆಲ್ ಎಂಜಿನ್ನಿನೊಂದಿಗೆ ನಿಶಾಂತ್ ಮೊದಲು ಹಾರಿದ್ದು 2009ರಲ್ಲಿ, ಕೋಲಾರದಲ್ಲಿ, ಸುಮಾರು ನಲವತ್ತು ನಿಮಿಷ. ಎಂಜಿನ್ನಿನ ತೂಕ ಸುಮಾರು 30 ಕಿಲೋ, ಶಕ್ತಿ 55 ಅಶ್ವಶಕ್ತಿ. ಅಹಮದ್‌ನಗರದ ವಿ.ಆರ್.ಡಿ.ಇ. ಕಿಡಿ ಮತ್ತು ಇಂಧನದ ವ್ಯವಸ್ಥೆ ಮಾಡಿತು. ಎಂಜಿನ್ನಿನ ಒಳಮೈಯನ್ನು ಬೆಂಗಳೂರಿನ ಎನ್.ಎ.ಎಲ್. ರೂಪಿಸಿತು: ಅಲ್ಯೂಮಿನಿಯಂ ಮಿಶ್ರಲೋಹದ ಎರಕ, ಅದರ ಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪ.

ಗಮನಿಸಿ, ಮತ್ತೆ ಅದೇ ಗೋಡೆ, ಅದೇ ಉಜ್ಜಾಟ. ಇದರ ಮರ್ಮ ಎರಕದವರಿಗೆ ಬೇಗ ತಿಳಿಯುತ್ತದೆ. ಶಿವಮೊಗ್ಗದಲ್ಲಿಯೂ ಎಂಜಿನ್ನುಗಳ ಸಿಲಿಂಡರ್ ಲೈನರ್ ಎರಕ ಹೊಯ್ಯುತ್ತಾರೆ. ಆ ಕೊಳವೆಯ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದವರಿಗೆ, ಒಂದು ಎಂಜಿನ್ನಿನ ಆಯುಷ್ಯ ಎಷ್ಟು ತೆಳುವಾದ ಪದರದ ಮೇಲೆ ನಿಂತಿದೆಯೆಂಬುದು ಹೇಳಿಕೊಡಬೇಕಾಗಿಲ್ಲ.

ಹೊರಡದಿದ್ದರೆ ನೋಡುವ ಕ್ರಮ

ಈಗ ನನ್ನ ಶಿಷ್ಯನ ಕಾರಿಗೆ ಬರೋಣ. "ಕೊನೇ ಸಲ ಯಾವಾಗ ಓಡಿತ್ತು?" ಎಂದು ಕೇಳಿದೆ. ಹಿಮ ಗುಡಿಸಲೆಂದು ಕಾರನ್ನು ಮನೆಯ ಮುಂದೆ ಹತ್ತು ಅಡಿ ಸರಿಸಿ ಕೂಡಲೇ ಆರಿಸಿದ್ದನಂತೆ. ಮರುದಿನದಿಂದ ಹೊರಡಲಿಲ್ಲ.

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ತಣ್ಣಗಿರುವ ಎಂಜಿನ್ನಿಗೆ ಹೊರಡುವಾಗ ಪೆಟ್ರೋಲ್ ಹೆಚ್ಚು ಬೇಕು. ಕಾಯುವ ಮೊದಲೇ ಆರಿಸಿದರೆ ಆ ಪೆಟ್ರೋಲ್ ಒಳಗೇ ಉಳಿಯುತ್ತದೆ. ಪಿಸ್ಟನ್ ಎಂಜಿನ್ನು ಇದನ್ನು ಹೇಗೋ ಸಹಿಸಿಕೊಳ್ಳುತ್ತದೆ. ರೋಟರಿಯಲ್ಲಿ ಉಳಿದ ಪೆಟ್ರೋಲು ಗೋಡೆಯ ಮೇಲಿನ ಎಣ್ಣೆಯ ಪೊರೆಯನ್ನು ತೊಳೆದುಬಿಡುತ್ತದೆ. ಆ ಪೊರೆ ಇಲ್ಲದೆ ಸೀಲು ಗಾಳಿಯನ್ನು ಹಿಡಿಯಲಾರದು, ಒತ್ತಡ ಏಳದು, ಪ್ಲಗ್ಗು ಒದ್ದೆಯಾಗಿ ಕಿಡಿ ಸಾಯುತ್ತದೆ. ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸಿದಷ್ಟೂ ಇನ್ನಷ್ಟು ಪೆಟ್ರೋಲು. ನಾನು ಮಳೆಗಾಲದ ಆ ಬೆಳಗ್ಗೆ ಮಾಡಿದ್ದೂ ಇದನ್ನೇ.

ಮೊದಲು ಕಿವಿಗೊಟ್ಟು ಕೇಳಬೇಕು. ಪ್ಲಗ್ಗು ಬಿಚ್ಚದೆ ಸ್ಟಾರ್ಟರ್ ತಿರುಗಿಸಿದಾಗ ಆರೋಗ್ಯವಂತ ರೋಟರಿಯಿಂದ ಒಂದೇ ಲಯದ ಏಟುಗಳು ಕೇಳಿಸುತ್ತವೆ. ಪೆಟ್ರೋಲಿನಲ್ಲಿ ಮುಳುಗಿದ್ದರೆ ಏಟೇ ಇಲ್ಲದೆ ಹೊಲಿಗೆ ಯಂತ್ರದಂತೆ ಸರ್ರನೆ ತಿರುಗುತ್ತದೆ. ಮೂರು ಕೋಣೆಗಳೂ ಸಮನಾಗಿ ಸೊರಗಿರುತ್ತವೆ. ತುದಿಯ ಸೀಲೊಂದು ಮುರಿದಿದ್ದರೆ ಹಾಗಲ್ಲ. ಒಂದು ಸೀಲು ಎರಡು ಕೋಣೆಗಳ ನಡುವಿನ ಗೋಡೆಯಾದ್ದರಿಂದ ಮೂರರಲ್ಲಿ ಎರಡು ಏಟು ಸೊರಗಿ, ಒಂದು ಮಾತ್ರ ಗಟ್ಟಿಯಾಗಿ, ತಾಳ ತಪ್ಪಿದಂತೆ ಕೇಳುತ್ತದೆ. ಇನ್ನೊಂದು ಲಕ್ಷಣವೂ ಇದೆ. ಸವೆದ ಎಂಜಿನ್ನು ಬಹಳ ಸಲ ತಣ್ಣಗಿದ್ದಾಗ ಹೊರಟು, ಕಾದ ಮೇಲೆ ಆರಿಸಿದರೆ ಮತ್ತೆ ಹೊರಡುವುದಿಲ್ಲ.

ಅವನು ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದ. ಸರ್ರನೆ ತಿರುಗಿದ ಸದ್ದು ಕೇಳಿಸಿತು. ತಾಳವಿರಲಿಲ್ಲ, ತಾಳ ತಪ್ಪಿಯೂ ಇರಲಿಲ್ಲ.

ಕ್ರಮವನ್ನು ಅವನೂ ಹುಡುಕಿ ಓದಿದ್ದ, ನಾನೂ ಓದಿದ್ದೆ. ಇಬ್ಬರೂ ಕೂಡಿ ಹೀಗೆ ಬರೆದುಕೊಂಡೆವು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡುವುದು, ಏಕೆಂದರೆ ನಿಧಾನವಾಗಿ ತಿರುಗಿದರೆ ರೋಟರಿ ಹೊರಡುವುದೇ ಇಲ್ಲ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯುವುದು. ಕಿಡಿಯ ಸಂಪರ್ಕ ಬಿಡಿಸುವುದು. ಪೆಟ್ರೋಲಿನ ಆವಿ ಹೊರಬರುವಾಗ ಕಿಡಿ ಹತ್ತಿರವಿರಬಾರದು, ಕೆಲಸ ಬಯಲಿನಲ್ಲೇ ಆಗಬೇಕು. ಪ್ಲಗ್ಗುಗಳನ್ನೆಲ್ಲ ಬಿಚ್ಚುವುದು, ಒಂದೊಂದು ರೋಟರಿಗೆ ಎರಡೆರಡು ಇರುತ್ತವೆ, ಯಾವ ವೈರು ಯಾವುದಕ್ಕೆಂದು ಗುರುತಿಟ್ಟುಕೊಳ್ಳಬೇಕು. ಹತ್ತು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಿ, ನಡುವೆ ಬಿಡುವು ಕೊಟ್ಟು, ಒಳಗಿನ ಪೆಟ್ರೋಲನ್ನು ಹೊರದೂಡುವುದು. ಆಮೇಲೆ ಪ್ಲಗ್ಗಿನ ತೂತಿನಿಂದ ಸ್ವಲ್ಪವೇ ಎಂಜಿನ್ ಆಯಿಲ್ ಬಿಟ್ಟು, ಮತ್ತೆ ತಿರುಗಿಸಿ ಗೋಡೆಗೆಲ್ಲ ಸವರುವಂತೆ ಮಾಡುವುದು. ಒಣಗಿದ ಹೊಸ ಪ್ಲಗ್ಗು ಹಾಕಿ, ಬಿಡಿಸಿದ್ದನ್ನೆಲ್ಲ ಜೋಡಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ತಿರುಗಿಸುವುದು. ಹಾಗೆ ತುಳಿದಾಗ ಅನೇಕ ಕಾರುಗಳಲ್ಲಿ ಹೊರಡುವ ಹೊತ್ತಿನ ಪೆಟ್ರೋಲ್ ನಿಲ್ಲುತ್ತದೆ. ಹೊರಟರೆ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಸವರಿದ ಆಯಿಲ್ಲು ಉರಿಯುವವರೆಗೆ ಹೆದರಬೇಕಾಗಿಲ್ಲ. ಪೂರ್ತಿ ಕಾಯುವವರೆಗೆ ಆರಿಸಬಾರದು. ಕೊನೆಗೆ, ಪೆಟ್ರೋಲ್ ಬೆರೆತಿರುವ ಎಂಜಿನ್ ಆಯಿಲ್ಲನ್ನು ಬದಲಿಸುವುದು.

ಶುಕ್ರವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶನಿವಾರ ಬೆಳಗ್ಗೆ ಅವನಿಂದ ಒಂದು ಧ್ವನಿಮುದ್ರಣ ಬಂದಿತ್ತು. ಮೊದಲು ಖಾಲಿ ತಿರುಗಾಟ. ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಬಳಿಕ ದುಂಬಿಯ ಹಿಂಡಿನಂತೆ ಏರಿದ ಸದ್ದು. ಆ ಸದ್ದಿನ ನಡುವೆ ಅವನು ಯಾರಿಗೋ ಕನ್ನಡದಲ್ಲಿ ಹೇಳುತ್ತಿದ್ದ: "ಒದ್ದೆ ಅಷ್ಟೇ, ಒದ್ದೆ ಅಷ್ಟೇ!" ಅಲ್ಲಿ ಅವನ ಸುತ್ತ ಕನ್ನಡ ಬಲ್ಲವರು ಯಾರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಗುಜರಿಯವರನ್ನು ಬರಬೇಡಿರೆಂದ. ಮುಂದಿನ ವಾರ ರೋಟರಿಗೆಂದೇ ಇರುವ ಉಪಕರಣದಿಂದ ಮೂರು ಕೋಣೆಗಳ ಒತ್ತಡವನ್ನೂ ಬೇರೆ ಬೇರೆಯಾಗಿ ಅಳೆಸಿದ. ಸಾಮಾನ್ಯ ಗೇಜಿನಲ್ಲಿ ಅದು ಬೇರೆಬೇರೆಯಾಗಿ ಕಾಣುವುದಿಲ್ಲ. ವಯಸ್ಸಿಗೆ ತಕ್ಕ ಸವೆತ ಇದೆ, ಇನ್ನೂ ಕೆಲವು ವರ್ಷ ಬಾಳುತ್ತದೆ ಎಂದರಂತೆ. ಅಂದರೆ ಫಿಟ್ಟರ್ ಅಣ್ಣನ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಹೆಚ್ಚು ಒದ್ದೆ, ಸ್ವಲ್ಪ ಸವೆದದ್ದು.

ಕೊನೆಯದಾಗಿ

ಈ ಪ್ರಶ್ನೆ ಹುಟ್ಟಿದ್ದು ಭದ್ರಾವತಿಯಲ್ಲಿ ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಬೆಂಕಿಪುರವೆಂದು ಕರೆಸಿಕೊಂಡಿದ್ದ ಈ ಊರಿನಲ್ಲಿ 1918ರಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಸಾಹಸ ಅದು. ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದು, ಆರಂಭದಲ್ಲೇ ನಷ್ಟ. ಮುಚ್ಚಿಬಿಡುವುದೇ ಲೇಸೆಂದವರೂ ಇದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಒಂದೊಂದು ವಿಭಾಗವನ್ನೂ ಬಿಚ್ಚಿ ನೋಡಿ ಸರಿಪಡಿಸಿದರು. ಅವರೂ ಮೊದಲು ಕೇಳಿದ್ದು ಇಂಥದೇ ಪ್ರಶ್ನೆಯಾಗಿರಬೇಕು.

ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಕುಲುಮೆಗೆ ಸರಿಯಾಗಿ ನೂರು ತುಂಬಿದ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಆ ವರ್ಷವೇ ಕೆಲವು ವಿಭಾಗಗಳು ಮತ್ತೆ ತಿರುಗಿದವು. ಅದು ಒದ್ದೆಯೋ, ಸವೆದದ್ದೋ ಎಂದು ಹೇಳುವ ವಿದ್ಯೆ ನನ್ನಲ್ಲಿಲ್ಲ. ಪ್ಲಗ್ಗು ಬಿಚ್ಚಿ ನೋಡದೆ ಗುಜರಿಯವರನ್ನು ಕರೆಯಬಾರದು, ಗೇಜು ಹಿಡಿದು ಅಳೆಯದೆ ಭರವಸೆಯನ್ನೂ ಕೊಡಬಾರದು ಎಂಬಷ್ಟನ್ನು ಮಾತ್ರ ನನಗೆ ಕಲಿಸಿದ್ದಾರೆ.

ಕಲಿಸಿದವರು ಈಗಿಲ್ಲ. ಅವರ ಪ್ರಶ್ನೆ ಅವರ ಮಗನ ಬಳಿಗೆ ಮರಳಿ ಸೇರಿತು. ನನ್ನ ಪಾಲಿಗೆ ಈ ಮಾಗಿಯಲ್ಲಿ ಆದ ಒಳ್ಳೆಯ ಕೆಲಸ ಅದೊಂದೇ.